ಒಂದೇ ಕಪಾಲದಲ್ಲಿ ಗಡ್ಡೆಯೂ ಉಬ್ಬೂ

ಪಾಲಿಭಾಷೆಯ ವಿನಯಪಿಟಕದಲ್ಲಿ ಮಹಾವಗ್ಗವೆಂಬ ಭಾಗವುಂಟು. ಅದರ ಎಂಟನೆಯ ಖಂಧಕದಲ್ಲಿ ಜೀವಕನೆಂಬ ವೈದ್ಯನ ವೃತ್ತಾಂತವು ವಿಸ್ತಾರವಾಗಿ ಬಂದಿದೆ. ರಾಜಗೃಹದ ಶ್ರೇಷ್ಠಿಯೊಬ್ಬನು ಏಳು ವರ್ಷಗಳಿಂದ ತಲೆನೋವಿನಿಂದ ನರಳುತ್ತಿದ್ದನು. ಹೆಸರಾಂತ ವೈದ್ಯರು ಅನೇಕರು ಬಂದರು, ನೋಡಿದರು, ಹೇರಳವಾಗಿ ಹೊನ್ನನ್ನು ತೆಗೆದುಕೊಂಡು ಹೊರಟುಹೋದರು. ಅವರಲ್ಲಿ ಕೆಲವರು ರೋಗಿಯು ಐದನೆಯ ದಿನ ಸಾಯುವನೆಂದರು; ಮತ್ತೆ ಕೆಲವರು ಏಳನೆಯ ದಿನವೆಂದರು. ಜೀವಕನು ಶ್ರೇಷ್ಠಿಯನ್ನು ಮಂಚಕ್ಕೆ ಕಟ್ಟಿಹಾಕಿ, ನೆತ್ತಿಯ ಚರ್ಮವನ್ನು ಸೀಳಿ, ಕಪಾಲದ ಹೊಲಿಗೆಯನ್ನು ಬಿಡಿಸಿ, ಒಳಗಿನಿಂದ ಎರಡು ಜೀವಿಗಳನ್ನು ಹೊರತೆಗೆದು ನೆರೆದವರಿಗೆ ತೋರಿಸಿದನು. ಒಂದು ದೊಡ್ಡದು, ಒಂದು ಚಿಕ್ಕದು. ಐದು ದಿನವೆಂದ ವೈದ್ಯರು ದೊಡ್ಡದನ್ನು ಕಂಡಿದ್ದರು, ಏಳು ದಿನವೆಂದವರು ಚಿಕ್ಕದನ್ನು ಕಂಡಿದ್ದರು ಎಂದು ಅವನು ವಿವರಿಸಿದನಂತೆ.

ಇದು ಕಥೆಯೇ ಹೊರತು ಆಸ್ಪತ್ರೆಯ ದಾಖಲೆಯಲ್ಲ. ತಲೆಯೊಳಗೆ ಹುಳುವಿರುವುದೆಂಬ ನಂಬಿಕೆ ಲೋಕದಲ್ಲೆಲ್ಲ ಇದ್ದುದೇ. ಬಲ್ಲಾಳನ ಭೋಜಪ್ರಬಂಧದಲ್ಲಿಯೂ ಭೋಜರಾಜನ ಕಪಾಲದಿಂದ ಮೀನನ್ನು ತೆಗೆದ ಪ್ರಸಂಗವುಂಟು. ಹಾಗಿದ್ದರೂ ಜೀವಕನ ಕಥೆಯಲ್ಲಿ ಭೋಜನ ಕಥೆಯಲ್ಲಿಲ್ಲದ ಒಂದು ವಿಶೇಷವಿದೆ. ತಲೆಯಲ್ಲಿದ್ದ ವಸ್ತುಗಳು ಎರಡು. ನೋಡಿದವರು ಎರಡು ಪಂಗಡ. ಪ್ರತಿಯೊಂದು ಪಂಗಡವೂ ತನಗೆ ಕಂಡ ಒಂದನ್ನೇ ಹಿಡಿದು ಆಯುಸ್ಸನ್ನು ಎಣಿಸಿತು. ಒಂದು ಕಾರಣವು ಸಿಕ್ಕಿದೊಡನೆ ಎರಡನೆಯದನ್ನು ಹುಡುಕುವ ಬುದ್ಧಿಯು ನಿಂತುಹೋಗುವುದೆಂಬ ಸಂಗತಿಯನ್ನು ಆ ಕಥೆಗಾರನು ಬಲ್ಲವನಾಗಿದ್ದನು. ಮಿದುಳಿನ ನಿರಪಾಯವಾದ ಗಡ್ಡೆಯೂ ಮಿದುಳಿನ ಧಮನಿಯ ಉಬ್ಬೂ ಒಬ್ಬನ ತಲೆಯಲ್ಲಿಯೇ ಕೂಡಿಬರುವ ರೋಗಯುಗ್ಮದ ಚರಿತ್ರೆಯು ಹೆಚ್ಚುಕಡಿಮೆ ಇದೇ ಕಥೆಯ ಪುನರಾವೃತ್ತಿಯಾಗಿದೆ.

ಈ ಎರಡು ರೋಗಗಳ ಸ್ವರೂಪವನ್ನು ಮೊದಲು ತಿಳಿಯುವುದು ಅಗತ್ಯ. ಗಡ್ಡೆಯೆಂಬುದು ಬೆಳೆಯುವ ವಸ್ತು. ಮಿದುಳನ್ನು ಮುಚ್ಚಿರುವ ಪೊರೆಗಳಿಂದ ಹುಟ್ಟುವ ಮೆನಿಂಜಿಯೋಮವೂ, ಮಿದುಳಿನ ಬುಡದಲ್ಲಿರುವ ಪಿಟ್ಯುಯಿಟರಿ ಗ್ರಂಥಿಯಿಂದ ಹುಟ್ಟುವ ಅಡೆನೋಮವೂ ಈ ವರ್ಗದಲ್ಲಿ ಮುಖ್ಯವಾದುವು. ಇವು ಸಾಮಾನ್ಯವಾಗಿ ಮೆಲ್ಲಮೆಲ್ಲನೆ, ವರ್ಷಗಟ್ಟಲೆ ಬೆಳೆಯುವುವು. ದೇಹದ ಬೇರೆ ಭಾಗಗಳಿಗೆ ಹಬ್ಬುವುದು ತೀರ ಅಪೂರ್ವ. ಆದುದರಿಂದಲೇ ಇವನ್ನು ನಿರಪಾಯವೆಂದು ಕರೆಯುವ ರೂಢಿ. ಆದರೆ ಕಪಾಲವು ಎಲುಬಿನ ಪೆಟ್ಟಿಗೆ; ಅದರಲ್ಲಿ ಎಡೆಯಿಲ್ಲ. ಹೊಟ್ಟೆಯಲ್ಲಿ ಗಮನಕ್ಕೇ ಬಾರದಷ್ಟು ಗಾತ್ರದ ಗಡ್ಡೆಯು ತಲೆಯಲ್ಲಿ ದೃಷ್ಟಿಯನ್ನೂ ಮಾತನ್ನೂ ಕೆಡಿಸಬಲ್ಲದು. ನಿರಪಾಯವೆಂಬ ವಿಶೇಷಣವನ್ನು ಈ ಎಡೆಯಲ್ಲಿ ಸ್ವಲ್ಪ ಸಂಕೋಚದಿಂದಲೇ ಬಳಸಬೇಕು.

ಉಬ್ಬಿನ ರೀತಿಯೇ ಬೇರೆ. ಅದು ಬೆಳೆದ ಮಾಂಸವಲ್ಲ. ಧಮನಿಯ ಗೋಡೆಯು ಒಂದೆಡೆ ಸವೆದು, ನೆತ್ತರಿನ ಒತ್ತಡಕ್ಕೆ ಹೊರಚಾಚಿ, ಚಿಕ್ಕ ಚೀಲದಂತಾದುದು. ವೈದ್ಯರು ಇದನ್ನು ಅನ್ಯೂರಿಸಂ ಎನ್ನುವರು. ಆ ಗ್ರೀಕ್ ಮಾತಿನ ಮೂಲಾರ್ಥ ಅಗಲವಾಗುವಿಕೆಯೆಂದೇ. ಬಹುಮಟ್ಟಿಗೆ ಇದರ ಗಾತ್ರ ಕೆಲವೇ ಮಿಲಿಮೀಟರುಗಳು. ಧಮನಿಗಳು ಕವಲೊಡೆಯುವ ಸಂಧಿಗಳಲ್ಲಿ ಇದು ಹುಟ್ಟುವುದು. ಒಡೆಯದಿರುವವರೆಗೆ ಸಾಮಾನ್ಯವಾಗಿ ಯಾವ ಸುಳಿವನ್ನೂ ಕೊಡದು. ಒಡೆದರೆ ಸಿಡಿಲೆರಗಿದಂತೆ ತಲೆನೋವು ಬರುವುದು, ಮಿದುಳಿನ ಸುತ್ತ ನೆತ್ತರು ಹರಡುವುದು. ಹಾಗಾದವರಲ್ಲಿ ಸುಮಾರು ಮೂರರಲ್ಲೊಂದು ಪಾಲು ಬದುಕುವುದಿಲ್ಲ. ಅಂತು, ಎರಡೂ ಒಂದೇ ತಲೆಯಲ್ಲಿರುವಾಗ ರೋಗಿಯನ್ನು ವೈದ್ಯನ ಬಳಿಗೆ ಕರೆತರುವುದು ಸಾಮಾನ್ಯವಾಗಿ ಗಡ್ಡೆ. ಫಕ್ಕನೆ ಕೊಲ್ಲುವುದು ಉಬ್ಬು.

ಈ ವಿಷಯವನ್ನು ಕನ್ನಡದಲ್ಲಿ ವಿಚಾರಿಸುವಾಗ ಮಂಗಳೂರಿನ ಹೆಸರು ಎರಡು ಕಾರಣಗಳಿಂದ ಮುಂದೆ ಬರುವುದು. ಮೊದಲನೆಯದು ಶಬ್ದದ ಕಾರಣ. ೧೮೯೪ರಲ್ಲಿ ಫರ್ಡಿನಾಂಡ್ ಕಿಟ್ಟೆಲ್ಲರ ಕನ್ನಡ-ಇಂಗ್ಲಿಷ್ ನಿಘಂಟು ಅಚ್ಚಾದುದು ಈ ನಗರದ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ. ಸುಮಾರು ಎಪ್ಪತ್ತು ಸಾವಿರ ಶಬ್ದಗಳ ಆ ಕೋಶದಲ್ಲಿ ಮಿದುಳು, ನರ, ಗಂಟು, ಗಡ್ಡೆ, ಉಬ್ಬು, ಬಾವು, ಅರ್ಬುದ ಮೊದಲಾದ ಮಾತುಗಳೆಲ್ಲ ಸೇರಿಕೊಂಡಿವೆ. ಎರಡನೆಯದು ವೈದ್ಯದ ಕಾರಣ. ೧೮೪೮ರಲ್ಲಿ ಆರಂಭವಾಗಿ ಮುಂದೆ ಮದರಾಸಿನ ಗವರ್ನರ್ ಲಾರ್ಡ್ ವೆನ್ಲಾಕರ ಹೆಸರನ್ನು ಪಡೆದ ಆಸ್ಪತ್ರೆಯೂ, ಜರ್ಮನಿಯಿಂದ ಬಂದ ಪಾದ್ರಿ ಆಗಸ್ಟಸ್ ಮುಲ್ಲರರು ೧೮೮೦ರಲ್ಲಿ ಬಡವರಿಗೆ ಹೋಮಿಯೋಪತಿಯ ಮಾತ್ರೆಗಳನ್ನು ಹಂಚುತ್ತ ಮೊದಲುಮಾಡಿದ ಕಂಕನಾಡಿಯ ಸಂಸ್ಥೆಯೂ ಇಲ್ಲಿಯವೇ. ಕಡಲ ಕರೆಯ ಉದ್ದಕ್ಕೂ, ಕಾಸರಗೋಡಿನಿಂದ ಕಾರವಾರದವರೆಗೂ, ಕಠಿನರೋಗವೆಂದರೆ ಮಂಗಳೂರಿಗೆ ಹೋಗುವುದೆಂಬ ವಾಡಿಕೆಯು ಹಳೆಯದು.

ಮಾತುಗಳನ್ನು ಮೊದಲು ನೋಡಬಹುದು. ಮಿದುಳ್ ಎಂಬುದು ಅಚ್ಚಗನ್ನಡದ ಹಳೆಯ ಶಬ್ದ. ಕಾವ್ಯಗಳ ರಣವರ್ಣನೆಯಲ್ಲಿ ಮರುಳ್ಗಳ ಔತಣದ ಸಂದರ್ಭದಲ್ಲಿಯೇ ಅದು ಹೆಚ್ಚಾಗಿ ಕಾಣಿಸಿಕೊಳ್ಳುವುದೆಂಬುದು ಸಾಹಿತ್ಯಾಭ್ಯಾಸಿಗಳಿಗೆ ವಿದಿತವೇ ಇದೆ. ಒಡೆದ ತಲೆಯಿಂದ ಚೆಲ್ಲಿದ ವಸ್ತುವೆಂದಲ್ಲದೆ, ರೋಗಕ್ಕೆ ತುತ್ತಾಗುವ ಅವಯವವೆಂದು ಅದನ್ನು ಕವಿಗಳು ನೋಡಿದಂತೆ ತೋರದು. ನರವೆಂಬ ಶಬ್ದದ ಸ್ಥಿತಿಯು ಇನ್ನೂ ವಿಚಾರಾರ್ಹವಾದುದು. ಕನ್ನಡ, ತುಳು, ತಮಿಳುಗಳಲ್ಲಿ ಇದರ ರೂಪಗಳು ಸ್ನಾಯುವಿನ ಹುರಿಯನ್ನೂ, ನೆತ್ತರಿನ ನಾಳವನ್ನೂ, ಇಂದಿನ ಶಾಸ್ತ್ರವು ನರವೆಂದು ಕರೆಯುವ ತಂತುವನ್ನೂ ಸಮಾನವಾಗಿಯೇ ಸೂಚಿಸುತ್ತ ಬಂದಿವೆ. ಇಂದಿಗೂ ತಲೆಯಲ್ಲಿ ನರ ಒಡೆಯಿತೆಂದರೆ ಜನಸಾಮಾನ್ಯರ ಅಭಿಪ್ರಾಯದಲ್ಲಿ ಒಡೆದುದು ರಕ್ತನಾಳ. ಆ ಮಾತು ಅಶಾಸ್ತ್ರೀಯವೆಂದು ನಗುವವರು, ಒಡೆದ ಉಬ್ಬಿನ ರೋಗವನ್ನು ಅದಕ್ಕಿಂತ ಸಂಕ್ಷೇಪವಾಗಿ ಹೇಳುವ ಬೇರೊಂದು ಮಾತನ್ನು ಇದುವರೆಗೆ ಕೊಟ್ಟಿಲ್ಲವೆಂಬುದನ್ನೂ ನೆನೆಯಬೇಕು.

ಸಂಸ್ಕೃತದ ವೈದ್ಯಶಾಸ್ತ್ರದಲ್ಲಿ ವಿಷಯವು ಇನ್ನಷ್ಟು ಬಿಡಿಸಿ ಹೇಳಲ್ಪಟ್ಟಿದೆ. ಸುಶ್ರುತಸಂಹಿತೆಯ ನಿದಾನಸ್ಥಾನದ ಹನ್ನೊಂದನೆಯ ಅಧ್ಯಾಯವು ಗ್ರಂಥಿ, ಅಪಚಿ, ಅರ್ಬುದ, ಗಲಗಂಡಗಳನ್ನು ಒಟ್ಟಿಗೆ ನಿರೂಪಿಸುವುದು. ಗ್ರಂಥಿಗಳಲ್ಲಿ ಸಿರೆಗಳಿಂದ ಹುಟ್ಟುವ ಬಗೆಯೊಂದನ್ನು ಸುಶ್ರುತನು ಪ್ರತ್ಯೇಕವಾಗಿ ಎಣಿಸಿದ್ದಾನೆ. ದುರ್ಬಲನು ಶಕ್ತಿಮೀರಿ ಶ್ರಮಿಸಿದಾಗ ಕೆರಳಿದ ವಾಯುವು ಸಿರೆಗಳ ಬಲೆಯನ್ನು ಹಿಡಿದು ಹಿಂಡಿ ಉರುಟಾಗಿ ಎದ್ದುನಿಂತ ಗಂಟನ್ನು ಮಾಡುವುದೆಂದೂ, ಅದು ನೋವಿನಿಂದ ಕೂಡಿ ಚಲಿಸುವುದಾದರೆ ಕಷ್ಟದಿಂದ ವಾಸಿಯಾಗುವುದೆಂದೂ, ನೋವಿಲ್ಲದೆ ಅಲುಗಾಡದೆ ದೊಡ್ಡದಾಗಿ ಮರ್ಮಸ್ಥಾನದಲ್ಲಿ ಎದ್ದುದನ್ನು ಬಿಟ್ಟುಬಿಡಬೇಕೆಂದೂ ಅವನ ಮತ. ಇದೇ ನಿರೂಪಣೆ ಮಾಧವನಿದಾನದಲ್ಲಿಯೂ ಬಂದಿರುವುದರಿಂದ ನಾಡಿನ ಪಂಡಿತವೈದ್ಯರಿಗೆ ಇದು ಪರಿಚಿತವಾದ ಪಾಠವಾಗಿದ್ದಿರಬೇಕು.

ಅರ್ಬುದದ ಪ್ರಕರಣದಲ್ಲಿ ಇದಕ್ಕಿಂತಲೂ ಕುತೂಹಲಕರವಾದ ಎರಡು ಪಾರಿಭಾಷಿಕ ಶಬ್ದಗಳಿವೆ. ಮೊದಲೇ ಇದ್ದ ಅರ್ಬುದದ ಮೇಲೆ ಮತ್ತೊಂದು ಹುಟ್ಟಿದರೆ ಅದು ಅಧ್ಯರ್ಬುದ. ಎರಡು ಜೋಡಿಯಾಗಿ, ಏಕಕಾಲದಲ್ಲಾಗಲಿ ಒಂದಾದಮೇಲೊಂದಾಗಲಿ, ಹುಟ್ಟಿದರೆ ಅದು ದ್ವಿರರ್ಬುದ. ಅದು ಅಸಾಧ್ಯವೆಂದು ನಿರ್ಣಯ. ಎರಡು ಗಂಟುಗಳ ಜೊತೆಗೂಡುವಿಕೆಯನ್ನೇ ಒಂದು ಲಕ್ಷಣವೆಂದು ಗಣಿಸಿ ಹೆಸರಿಟ್ಟು ಕರೆದುದು ಈ ಶಾಸ್ತ್ರದ ಸೂಕ್ಷ್ಮದೃಷ್ಟಿಗೆ ನಿದರ್ಶನವಾಗಿದೆ. ಆದರೆ ಇಲ್ಲಿಯೇ ಎಚ್ಚರಿಕೆಯೂ ಬೇಕು. ಸುಶ್ರುತನು ಹೇಳಿದುದು ಕಣ್ಣಿಗೆ ಕಾಣುವ, ಕೈಗೆ ಸಿಗುವ ಗಂಟುಗಳನ್ನು ಕುರಿತು. ತಲೆಯೊಳಗೆ ಸಿರೆಗಳೂ ಸಂಧಿಗಳೂ ಕೂಡುವ ಅಧಿಪತಿಯೆಂಬ ಮರ್ಮವನ್ನು, ಅಲ್ಲಿ ಪೆಟ್ಟು ಬಿದ್ದರೆ ತತ್‌ಕ್ಷಣವೇ ಮರಣವೆಂಬುದನ್ನು, ಶಾರೀರಸ್ಥಾನದಲ್ಲಿ ಅವನು ಹೇಳಿರುವುದು ನಿಜ. ಧಮನಿಯ ಉಬ್ಬುಗಳು ಸಂಧಿಗಳಲ್ಲಿಯೇ ಹುಟ್ಟುವುದೂ ನಿಜ. ಈ ಎರಡು ನಿಜಗಳನ್ನು ಹೊಂದಿಸಿ, ಮಿದುಳಿನ ಅನ್ಯೂರಿಸಂ ನಮ್ಮ ಪೂರ್ವಿಕರಿಗೆ ತಿಳಿದಿತ್ತೆಂದು ಸಾಧಿಸಹೊರಡುವುದು ಪಾಂಡಿತ್ಯವಲ್ಲ, ಅಭಿಮಾನ. ಶಾಸ್ತ್ರವು ಕೊಟ್ಟುದು ವಿಂಗಡಣೆಯ ಕ್ರಮವನ್ನು; ಕಪಾಲದೊಳಗಿನ ಸಾಕ್ಷ್ಯವನ್ನು ಕೊಡಲು ಅದಕ್ಕೆ ಸಾಧನವಿರಲಿಲ್ಲ.

ಆ ಸಾಕ್ಷ್ಯವು ಮೊದಲು ದೊರೆತುದು ಶವಪರೀಕ್ಷೆಯಿಂದ. ಮಂಗಳೂರಿಗೆ ಮುದ್ರಣಾಲಯವನ್ನೂ ನಿಘಂಟನ್ನೂ ಕಳುಹಿಸಿದ ಬಾಸೆಲ್ ನಗರವೇ ಈ ಕಥೆಯಲ್ಲಿಯೂ ಎದುರಾಗುವುದು ಒಂದು ಸೋಜಿಗ. ಆ ನಗರದ ವೈದ್ಯ ಫೆಲಿಕ್ಸ್ ಪ್ಲಾಟರನು ೧೬೧೪ರಲ್ಲಿ ಪ್ರಕಟಿಸಿದ ತನ್ನ ರೋಗಾನುಭವಗಳ ಗ್ರಂಥದಲ್ಲಿ ಸರದಾರನೊಬ್ಬನ ಸ್ಥಿತಿಯನ್ನು ವರ್ಣಿಸಿದ್ದಾನೆ. ಆ ಮನುಷ್ಯನು ಕ್ರಮಕ್ರಮವಾಗಿ ಬುದ್ಧಿಯನ್ನು ಕಳೆದುಕೊಂಡು ತೀರಿಕೊಂಡನು. ತಲೆಯನ್ನು ತೆರೆದು ನೋಡಲಾಗಿ ಮಧ್ಯಮ ಗಾತ್ರದ ಸೇಬಿನಷ್ಟು ದೊಡ್ಡದಾದ, ಗಟ್ಟಿಯಾದ ಗಡ್ಡೆಯೊಂದು ಕಂಡುಬಂದಿತು. ಅದಕ್ಕೆ ತನ್ನದೇ ಆದ ಪೊರೆ, ಪೊರೆಯ ಮೇಲೆ ಹೆಣೆದುಕೊಂಡ ರಕ್ತನಾಳಗಳು. ಮಿದುಳಿಗೂ ಅದಕ್ಕೂ ಅಂಟಿರಲಿಲ್ಲ. ಮೆನಿಂಜಿಯೋಮದ ಮೊತ್ತಮೊದಲ ವರ್ಣನೆಯೆಂದು ಇಂದಿನ ಚರಿತ್ರಕಾರರು ಎಣಿಸುವುದು ಇದನ್ನೇ. ಇದಾಗಿ ೨೨೦ ವರ್ಷಗಳ ತರುವಾಯ, ೧೮೩೪ರಲ್ಲಿ, ಬಾಸೆಲ್ಲಿನ ಮಿಶನರಿಗಳು ಕರಾವಳಿಗೆ ಬಂದರು. ಎರಡಕ್ಕೂ ಇರುವ ಸಂಬಂಧವು ಊರಿನದು ಮಾತ್ರವೇ. ಅದಕ್ಕಿಂತ ಹೆಚ್ಚಿನದನ್ನು ಕಲ್ಪಿಸಬೇಕಾಗಿಲ್ಲ.

ಪ್ಲಾಟರನ ಗಡ್ಡೆಗೆ ಇಂದಿನ ಹೆಸರು ದೊರೆತುದು ೧೯೨೨ರಲ್ಲಿ, ಅಮೆರಿಕೆಯ ಹಾರ್ವೆ ಕುಶಿಂಗರಿಂದ. ಅದಕ್ಕೂ ಮೊದಲೇ, ೧೮೭೯ರಲ್ಲಿ, ಗ್ಲಾಸ್ಗೋದ ವಿಲಿಯಂ ಮ್ಯಾಕಿವನರು ಬಾಲಕಿಯೊಬ್ಬಳ ತಲೆಯಿಂದ ಇಂತಹ ಗಡ್ಡೆಯನ್ನು ತೆಗೆದು ಅವಳನ್ನು ಉಳಿಸಿದ್ದರು. ಉಬ್ಬಿನ ಚರಿತ್ರೆಯು ಇಷ್ಟು ನೇರವಾಗಿಲ್ಲ. ಮಿದುಳಿನ ಬುಡದಲ್ಲಿ ಧಮನಿಗಳು ಉಂಗುರದಂತೆ ಕೂಡಿಕೊಳ್ಳುವುದನ್ನು ಆಕ್ಸ್‌ಫರ್ಡಿನ ಥಾಮಸ್ ವಿಲಿಸನು ೧೬೬೪ರಲ್ಲಿ ಚಿತ್ರಸಹಿತವಾಗಿ ವಿವರಿಸಿದನು. ಮಿಲಾನಿನ ಬಿಯುಮಿಯು ೧೭೬೫ರಲ್ಲಿ ಶವವೊಂದರಲ್ಲಿ ಅಂತಹ ಧಮನಿಯ ಒಡೆದ ಉಬ್ಬನ್ನು ಕಂಡನು. ೧೮೫೯ರಲ್ಲಿ ಲಂಡನಿನ ವಿಲಿಯಂ ಗಲ್ಲನು ಇಂತಹ ಪ್ರಸಂಗಗಳನ್ನು ಒಟ್ಟುಗೂಡಿಸಿ ಬರೆದನು. ಜೀವಂತನಾದ ರೋಗಿಯಲ್ಲಿ ಇದನ್ನು ಗುರುತಿಸುವುದು ಮಾತ್ರ ಸಾಧ್ಯವಾಗಿರಲಿಲ್ಲ. ೧೮೯೧ರಲ್ಲಿ ಕ್ವಿಂಕೆಯು ಬೆನ್ನಹುರಿಯ ಸುತ್ತಣ ನೀರನ್ನು ಸೂಜಿಯಿಂದ ತೆಗೆಯುವ ಕ್ರಮವನ್ನು ಬಳಕೆಗೆ ತಂದಮೇಲೆ, ಆ ನೀರಿನಲ್ಲಿ ನೆತ್ತರು ಕಂಡರೆ ಒಳಗೆ ಒಡೆದಿರುವುದೆಂದು ತಿಳಿಯುವಂತಾಯಿತು.

ಗಡ್ಡೆಯೂ ಉಬ್ಬೂ ಒಂದಕ್ಕೊಂದು ವೇಷಧಾರಿಗಳೆಂಬುದು ಸ್ಪಷ್ಟವಾದುದು ಈ ಕಾಲದಲ್ಲಿಯೇ. ಇಂಗ್ಲೆಂಡಿನ ತರುಣವೈದ್ಯ ಚಾರ್ಲ್ಸ್ ಸೈಮಂಡ್ಸ್ ಬಾಸ್ಟನಿನಲ್ಲಿ ಕುಶಿಂಗರ ಬಳಿ ಇದ್ದಾಗ, ಕುಶಿಂಗರು ಗಡ್ಡೆಯೆಂದು ಭಾವಿಸಿದ ರೋಗಿಯೊಬ್ಬನಲ್ಲಿ ಇರುವುದು ಉಬ್ಬೆಂದು ಊಹಿಸಿದರು. ಶವಪರೀಕ್ಷೆಯು ಅವರ ಮಾತನ್ನು ನಿಜಮಾಡಿತು. ಆ ಊಹೆಯು ಕಾಕತಾಳೀಯವೋ ಸಕಾರಣವೋ ಎಂಬುದನ್ನು ಶೋಧಿಸುವಂತೆ ಕುಶಿಂಗರು ಅವರಿಗೇ ಹೇಳಿದರಂತೆ. ಅದರ ಫಲವಾಗಿ ೧೯೨೩ರಲ್ಲಿ ಸೈಮಂಡ್ಸರ ಪ್ರಸಿದ್ಧ ಪ್ರಬಂಧವು ಹೊರಬಂದಿತು. ಮಿದುಳಿನ ಶಸ್ತ್ರವೈದ್ಯಕ್ಕೆ ಜನಕನೆನಿಸಿದವನೂ ಒಂದನ್ನು ಇನ್ನೊಂದೆಂದು ತಿಳಿದಿದ್ದನೆಂಬುದು ಗಮನಿಸತಕ್ಕ ಸಂಗತಿ. ಎರಡೂ ಏಕಕಾಲದಲ್ಲಿರುವ ರೋಗಿಯು ಆ ಕಾಲದಲ್ಲಿ ಬಂದಿದ್ದರೆ ಗತಿಯೇನಾಗುತ್ತಿತ್ತೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು.

ತಿರುವು ಬಂದುದು ೧೯೨೭ರಲ್ಲಿ. ಲಿಸ್ಬನ್ನಿನ ಈಗಾಸ್ ಮೋನಿಜ್ ಕತ್ತಿನ ಧಮನಿಗೆ ಎಕ್ಸ್-ಕಿರಣಗಳನ್ನು ತಡೆಯುವ ದ್ರವವನ್ನು ಹಾಯಿಸಿ ಮಿದುಳಿನ ನಾಳಗಳ ಛಾಯಾಚಿತ್ರವನ್ನು ತೆಗೆದರು. ಅವರು ಇದನ್ನು ಕಲ್ಪಿಸಿದುದು ಗಡ್ಡೆಗಳನ್ನು ಹುಡುಕುವ ಸಲುವಾಗಿಯೇ: ಗಡ್ಡೆಯು ಬೆಳೆದಲ್ಲಿ ನಾಳಗಳು ತಮ್ಮ ಎಡೆಯಿಂದ ಸರಿದಿರುವುವಷ್ಟೆ. ಆದರೆ ಗಡ್ಡೆಯನ್ನು ಅರಸುವ ಈ ಕಣ್ಣಿಗೆ ಉಬ್ಬು ತಾನಾಗಿ ಬಿದ್ದಿತು. ೧೯೩೩ರಲ್ಲಿ ಮೋನಿಜರೇ ಜೀವಂತ ರೋಗಿಯಲ್ಲಿ ಉಬ್ಬನ್ನು ಚಿತ್ರದಲ್ಲಿ ತೋರಿಸಿದರು. ೧೯೩೧ರಲ್ಲಿ ಎಡಿನ್‌ಬರೋದ ನಾರ್ಮನ್ ಡಾಟ್ ಒಡೆದ ಉಬ್ಬಿಗೆ ರೋಗಿಯ ಮಾಂಸಖಂಡದ ತುಣುಕನ್ನು ಹೊದಿಸಿ ನೆತ್ತರನ್ನು ತಡೆದಿದ್ದರು. ೧೯೩೭ರಲ್ಲಿ ಬಾಲ್ಟಿಮೋರಿನ ವಾಲ್ಟರ್ ಡ್ಯಾಂಡಿ ಉಬ್ಬಿನ ಕೊರಳಿಗೆ ಬೆಳ್ಳಿಯ ಚಿಮಟಿಯನ್ನು ತೊಡಿಸಿ ಅದನ್ನು ಮುಚ್ಚಿದರು.

ಅಲ್ಲಿಂದ ಮುಂದೆ ಮೂರು ನಾಲ್ಕು ದಶಕಗಳ ಕಾಲ ಗಡ್ಡೆಯ ಶಂಕೆಯಿದ್ದವರಿಗೆಲ್ಲ ನಾಳಚಿತ್ರವನ್ನು ತೆಗೆಯುವುದು ದೊಡ್ಡ ಆಸ್ಪತ್ರೆಗಳ ಪದ್ಧತಿಯಾಯಿತು. ಯುಗ್ಮದ ವರದಿಗಳು ಹೆಚ್ಚಿದುದು ಈ ಕಾರಣದಿಂದಲೇ ಹೊರತು ರೋಗವು ಹೊಸದಾಗಿ ಹುಟ್ಟಿದುದರಿಂದಲ್ಲ. ೧೯೭೨ರಲ್ಲಿ ಪಿಯಾ, ಒಬ್ರಡೋರ್, ಮಾರ್ಟಿನ್ ಎಂಬವರು ಈ ಕೂಡುವಿಕೆಯನ್ನೇ ವಿಷಯವಾಗಿಟ್ಟುಕೊಂಡು ಪ್ರಬಂಧವನ್ನು ಪ್ರಕಟಿಸಿದರು. ಆಮೇಲೆ ವಿಚಿತ್ರವಾದ ಘಟನೆಯೊಂದು ನಡೆಯಿತು. ೧೯೭೧ರ ಅಕ್ಟೋಬರಿನಲ್ಲಿ ಲಂಡನಿನ ಬಳಿಯ ವಿಂಬಲ್ಡನಿನಲ್ಲಿ ಹೌನ್ಸ್‌ಫೀಲ್ಡರ ಸಿ. ಟಿ. ಯಂತ್ರವು ಮೊದಲ ರೋಗಿಯ ಮಿದುಳನ್ನು ಪದರಪದರವಾಗಿ ತೋರಿಸಿತು. ಕೆಲವೇ ವರ್ಷಗಳಲ್ಲಿ ಗಡ್ಡೆಯನ್ನು ಕಾಣಲು ನಾಳಚಿತ್ರದ ಆವಶ್ಯಕತೆಯೇ ಇಲ್ಲದಂತಾಯಿತು. ಗಡ್ಡೆ ಹಿಂದಿಗಿಂತ ಸುಲಭವಾಗಿ ಕಂಡಿತು. ಪಕ್ಕದ ಚಿಕ್ಕ ಉಬ್ಬು ಮರೆಯಾಯಿತು. ಮುಂದುವರಿದ ಉಪಕರಣವು ಅರ್ಧ ಕುರುಡನ್ನೂ ಜೊತೆಗೆ ತಂದ ಉದಾಹರಣೆಗಳಲ್ಲಿ ಇದೂ ಒಂದು. ಕಾಂತಕ್ಷೇತ್ರದಿಂದ ನಾಳಗಳನ್ನು ಚಿತ್ರಿಸುವ ಎಂ. ಆರ್. ಕ್ರಮವೂ, ಸಿ. ಟಿ.ಯಿಂದಲೇ ನಾಳಗಳನ್ನು ನೋಡುವ ಕ್ರಮವೂ ಬಳಕೆಗೆ ಬಂದ ತರುವಾಯವೇ ಆ ಕಣ್ಣು ಮರಳಿ ದೊರೆತುದು.

ಹಾಗಾದರೆ ಈ ಎರಡು ರೋಗಗಳು ಕೂಡಿಬರುವುದು ಆಕಸ್ಮಿಕವೋ, ಒಂದು ಇನ್ನೊಂದಕ್ಕೆ ಕಾರಣವೋ? ಇದರಲ್ಲಿ ವಿದ್ವಾಂಸರಿಗೆ ಏಕಾಭಿಪ್ರಾಯವಿಲ್ಲ. ಲೆಕ್ಕವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ವಯಸ್ಕರಲ್ಲಿ ನೂರಕ್ಕೆ ಸುಮಾರು ಮೂವರ ತಲೆಯಲ್ಲಿ ಒಡೆಯದ ಉಬ್ಬು ಇರುವುದೆಂದು ಇತ್ತೀಚಿನ ಗಣನೆಗಳು ತಿಳಿಸುವುವು. ಅಂದಮೇಲೆ ಗಡ್ಡೆಯಿರುವ ನೂರು ಜನರನ್ನು ಜಾಗರೂಕತೆಯಿಂದ ಪರೀಕ್ಷಿಸಿದರೆ, ಯಾವ ಕಾರ್ಯಕಾರಣಸಂಬಂಧವೂ ಇಲ್ಲದೆಯೇ, ಮೂವರಲ್ಲಿ ಉಬ್ಬು ಸಿಗಬೇಕು. ಸ್ತ್ರೀಯರಲ್ಲಿ ಮೆನಿಂಜಿಯೋಮವು ಪುರುಷರಿಗಿಂತ ಸುಮಾರು ಇಮ್ಮಡಿ. ಉಬ್ಬು ಸಹ ಸ್ತ್ರೀಯರಲ್ಲಿಯೇ ಹೆಚ್ಚು. ಎರಡೂ ಪ್ರಾಯ ಕಳೆದಂತೆ ಹೆಚ್ಚುವುವು. ಇಷ್ಟರಿಂದಲೇ ಆಕಸ್ಮಿಕದ ಲೆಕ್ಕವು ಮತ್ತಷ್ಟು ಏರುವುದು. ಗಡ್ಡೆಯು ತನ್ನ ಪೋಷಣೆಗಾಗಿ ಹೆಚ್ಚು ನೆತ್ತರನ್ನು ಎಳೆದುಕೊಳ್ಳುವುದರಿಂದ ಆ ನಾಳದ ಗೋಡೆ ಸವೆದು ಉಬ್ಬುವುದೆಂದು ಕೆಲವರ ಊಹೆ. ಗಡ್ಡೆಗೆ ನೆತ್ತರುಣಿಸುವ ನಾಳದಲ್ಲಿಯೇ ಉಬ್ಬು ಕಂಡ ಪ್ರಸಂಗಗಳಿಗೆ ಇದು ಹೊಂದುವುದು. ಎದುರು ಪಾರ್ಶ್ವದಲ್ಲಿ ಕಂಡುದಕ್ಕೆ ಹೊಂದದು.

ಪಿಟ್ಯುಯಿಟರಿಯ ಗಡ್ಡೆಯ ವಿಷಯದಲ್ಲಿ ಮಾತ್ರ ಕೇವಲ ಆಕಸ್ಮಿಕವೆಂದು ಸುಮ್ಮನಾಗುವುದು ಕಷ್ಟ. ಜಪಾನಿನ ವಕಾಯಿ ಮೊದಲಾದವರು ೧೯೭೯ರಲ್ಲಿ ಪ್ರಕಟಿಸಿದಂತೆ, ಇಂತಹ ೯೫ ರೋಗಿಗಳಲ್ಲಿ ೭ ಮಂದಿಗೆ, ಎಂದರೆ ನೂರಕ್ಕೆ ೭.೪ರಂತೆ, ಉಬ್ಬು ಇದ್ದಿತು. ಮಿದುಳಿನ ಇತರ ಗಡ್ಡೆಗಳವರಲ್ಲಿ ಅದು ನೂರಕ್ಕೆ ೧.೧ ಮಾತ್ರ. ಬೆಳವಣಿಗೆಯ ರಸವು ಅತಿಯಾಗಿ ಸುರಿದು ಕೈಕಾಲುಗಳೂ ದವಡೆಯೂ ದೊಡ್ಡದಾಗುವ ಅಕ್ರೋಮೆಗಲಿಯ ರೋಗಿಗಳಲ್ಲಿ ಉಬ್ಬು ಹೆಚ್ಚೆಂಬುದನ್ನು ಬೇರೆಯವರೂ ಕಂಡಿದ್ದಾರೆ. ಆ ರಸವೇ ನಾಳದ ಗೋಡೆಯನ್ನು ಕೆಡಿಸುವುದೆಂಬ ಊಹೆಯು ಅಸಂಗತವಲ್ಲ. ಈ ಸ್ಥಳದಲ್ಲಿ ಅಪಾಯವೂ ಹೆಚ್ಚು. ಪಿಟ್ಯುಯಿಟರಿಯ ಎರಡು ಪಕ್ಕಗಳಲ್ಲಿಯೂ ಕತ್ತಿನಿಂದ ಬಂದ ಹಿರಿಯ ಧಮನಿಗಳು ಹಾಯುವುವು. ಮೂಗಿನ ಮಾರ್ಗವಾಗಿ ಗಡ್ಡೆಯನ್ನು ತೆಗೆಯಹೋದ ಶಸ್ತ್ರವೈದ್ಯನ ಉಪಕರಣಕ್ಕೆ, ಮುಂದಾಗಿ ನೋಡದಿದ್ದ ಉಬ್ಬು ತಗುಲಿದರೆ, ಆ ಇಕ್ಕಟ್ಟಾದ ದಾರಿಯಲ್ಲಿ ನೆತ್ತರನ್ನು ತಡೆಯುವುದು ಅತ್ಯಂತ ದುಸ್ಸಾಧ್ಯ.

ಇಷ್ಟೆಲ್ಲ ನಡೆಯುತ್ತಿದ್ದಾಗ ಮಂಗಳೂರಿನ ರೋಗಿಯ ಪಾಡೇನಾಗಿತ್ತು? ೧೯೫೬ರ ನವೆಂಬರಿನವರೆಗೂ ದಕ್ಷಿಣ ಕನ್ನಡ ಜಿಲ್ಲೆಯು ಮದರಾಸಿಗೆ ಸೇರಿದುದು. ೧೯೦೭ರಲ್ಲಿ ಬಂದ ರೈಲುದಾರಿಯೂ ಪಾಲ್ಘಾಟಿನ ಮೂಲಕ ಪೂರ್ವಕ್ಕೆ ಹೋಗುವುದಾಗಿತ್ತೇ ಹೊರತು, ಘಟ್ಟವನ್ನೇರಿ ಹಾಸನಕ್ಕೆ ಹೋಗುವ ದಾರಿಯು ೧೯೭೯ರವರೆಗೂ ಪೂರ್ಣವಾಗಲಿಲ್ಲ. ದೇಶದಲ್ಲಿ ಮಿದುಳಿನ ಶಸ್ತ್ರವೈದ್ಯದ ಮೊದಲನೆಯ ಪ್ರತ್ಯೇಕ ವಿಭಾಗವನ್ನು ಜೇಕಬ್ ಚಾಂಡಿಯವರು ವೆಲ್ಲೂರಿನಲ್ಲಿ ತೆರೆದುದು ೧೯೪೯ರಲ್ಲಿ, ಬಿ. ರಾಮಮೂರ್ತಿಯವರು ಮದರಾಸಿನಲ್ಲಿ ಆರಂಭಿಸಿದುದು ೧೯೫೦ರಲ್ಲಿ. ವೆಲ್ಲೂರಿಗೆ ಇಳಿಯುವ ಕಾಟ್ಪಾಡಿಯು ಆ ಮದರಾಸಿನ ದಾರಿಯಲ್ಲಿಯೇ ಇರುವುದು. ಆದುದರಿಂದ ಕರಾವಳಿಯ ಕನ್ನಡ ತುಳುವ ರೋಗಿಗಳಿಗೆ ಮಿದುಳಿನ ವೈದ್ಯವು ತಮಿಳುನಾಡಿನಲ್ಲಿಯೇ ಮೊದಲು ದೊರೆಯುವಂತಿತ್ತು. ಬೆಂಗಳೂರಿನ ಮಾನಸಿಕ ಆರೋಗ್ಯದ ಸಂಸ್ಥೆಯು ೧೯೫೪ರಲ್ಲಿ ಅಖಿಲಭಾರತದ್ದಾಗಿ ಸ್ಥಾಪಿತವಾಗಿ, ಮುಂದೆ ಆರ್. ಎಂ. ವರ್ಮರ ಕಾಲದಲ್ಲಿ ಶಸ್ತ್ರವೈದ್ಯಕ್ಕೂ ಹೆಸರಾಗಿ, ೧೯೭೪ರಲ್ಲಿ ನಿಮ್ಹಾನ್ಸ್ ಎಂಬ ರೂಪವನ್ನು ತಾಳಿತು. ಮಣಿಪಾಲದಲ್ಲಿ ಟಿ. ಎಂ. ಎ. ಪೈಯವರು ೧೯೫೩ರಲ್ಲಿ ತೊಡಗಿಸಿದ ಕಸ್ತೂರ್ಬಾ ವೈದ್ಯಕಾಲೇಜು ೧೯೫೫ರಲ್ಲಿ ಮಂಗಳೂರಿಗೂ ವಿಸ್ತರಿಸಿ, ವೆನ್ಲಾಕ್ ಮತ್ತು ಲೇಡಿ ಗೋಶನ್ ಸರಕಾರಿ ಆಸ್ಪತ್ರೆಗಳನ್ನು ಪಾಠದ ಶಾಲೆಯನ್ನಾಗಿ ಮಾಡಿಕೊಂಡಿತು. ಖಾಸಗಿ ಕ್ಷೇತ್ರದ ವೈದ್ಯಕಾಲೇಜು ಸರಕಾರಿ ಆಸ್ಪತ್ರೆಯೊಡನೆ ಸೇರಿದುದು ಆ ಕಾಲಕ್ಕೆ ಹೊಸ ಪ್ರಯೋಗ.

ಈ ನಡುವೆ ಭಾರತದಲ್ಲಿ ಮಿದುಳಿನ ಉಬ್ಬು ವಿರಳವೆಂಬ ಮತವು ಹುಟ್ಟಿಕೊಂಡಿತು. ೧೯೬೯ರಲ್ಲಿ ರಾಮಮೂರ್ತಿಯವರು ಭಾರತದಲ್ಲಿ ಇದರ ಪ್ರಮಾಣವನ್ನು ಕುರಿತೇ ಲೇಖನವನ್ನು ಬರೆದರು. ಪಾಶ್ಚಾತ್ಯ ದೇಶಗಳಿಗಿಂತ ಇಲ್ಲಿ ಇದು ಕಡಿಮೆಯೆಂಬ ಅಭಿಪ್ರಾಯವು ಬಹುಕಾಲ ನಿಂತಿತು. ಅನಂತರ ಬಂದವರು ಇದಕ್ಕೆ ಬೇರೆ ಕಾರಣಗಳನ್ನು ತೋರಿಸಿದ್ದಾರೆ: ಒಡೆದ ಉಬ್ಬಿನ ರೋಗಿಗಳಲ್ಲಿ ಅನೇಕರು ಆಸ್ಪತ್ರೆಯನ್ನು ಸೇರುವ ಮೊದಲೇ ತೀರಿಕೊಳ್ಳುವರು, ಶವಪರೀಕ್ಷೆಗೆ ಮನೆಯವರು ಒಪ್ಪುವುದು ಅಪರೂಪ, ನಾಳಚಿತ್ರದ ಯಂತ್ರಗಳು ಕೆಲವೇ ನಗರಗಳಲ್ಲಿದ್ದುವು. ಯಂತ್ರವಿಲ್ಲದ ಊರಿನ ರೋಗಿಗೆ ಲೆಕ್ಕದಲ್ಲಿಯೂ ಎಡೆಯಿರಲಿಲ್ಲ. ರಾಜಗೃಹದ ವೈದ್ಯರು ಒಂದನ್ನಾದರೂ ಕಂಡಿದ್ದರು. ಕುಂದಾಪುರದಲ್ಲಿಯೋ ಪುತ್ತೂರಿನಲ್ಲಿಯೋ ಹಠಾತ್ತಾಗಿ ತಲೆಹಿಡಿದು ಬಿದ್ದು ಸತ್ತವನ ತಲೆಯಲ್ಲಿ ಏನಿತ್ತೆಂಬುದನ್ನು ನೋಡುವವರೇ ಇರಲಿಲ್ಲ.

ಇಂದು ಮಂಗಳೂರಿನಲ್ಲಿ ಹಲವು ವೈದ್ಯಕೀಯ ಮಹಾವಿದ್ಯಾಲಯಗಳಿವೆ. ಮಿದುಳಿನ ಶಸ್ತ್ರವೈದ್ಯವೂ ಬೇಕಾದ ಚಿತ್ರಯಂತ್ರಗಳೂ ನಗರದಲ್ಲಿಯೇ ದೊರೆಯುತ್ತವೆ. ಕೇರಳಕ್ಕೆ ಸೇರಿದ ಕಾಸರಗೋಡಿನ ಕನ್ನಡಿಗರಿಗೂ ಮಲಯಾಳಿಗಳಿಗೂ ಸಮೀಪದ ದೊಡ್ಡ ಆಸ್ಪತ್ರೆಗಳೆಂದರೆ ಇಲ್ಲಿಯವೇ. ೧೯೫೬ರ ಗೆರೆಯು ಎಷ್ಟು ಆಳವಾಗಿ ಕೊಯ್ಯಬಲ್ಲುದೆಂಬುದು ೨೦೨೦ರ ಸಾಂಕ್ರಾಮಿಕದ ದಿನಗಳಲ್ಲಿ ಕಂಡುಬಂದಿತು. ತಲಪಾಡಿಯ ಗಡಿಯು ಮುಚ್ಚಿ ಕಾಸರಗೋಡಿನ ರೋಗಿಗಳು ಮಂಗಳೂರನ್ನು ತಲುಪಲಾರದೆ ಹೋದರು. ವ್ಯಾಜ್ಯವು ನ್ಯಾಯಾಲಯಗಳ ಮೆಟ್ಟಿಲೇರಿತು. ಗಡ್ಡೆಯ ರೋಗಿಯು ಕೆಲವು ವಾರ ಕಾಯಬಲ್ಲನು. ಒಡೆದ ಉಬ್ಬಿನವನಿಗೆ ಇರುವುದು ಗಂಟೆಗಳ ಲೆಕ್ಕ.

ಎರಡನ್ನೂ ಕಂಡಮೇಲೂ ತೊಡಕು ಮುಗಿಯದು. ಯಾವುದಕ್ಕೆ ಮೊದಲು ಕೈಹಾಕಬೇಕು? ಉಬ್ಬು ಒಡೆದಿದ್ದರೆ ಅದಕ್ಕೇ ಮೊದಲು ಎಂಬುದರಲ್ಲಿ ವಿವಾದವಿಲ್ಲ. ಒಡೆಯದೆ ಇದ್ದು, ಗಡ್ಡೆಯು ಮಿದುಳನ್ನು ಒತ್ತುತ್ತಿರುವಾಗ ನಿರ್ಣಯವು ಕಠಿನವಾಗುವುದು. ಒಡೆಯದ ಉಬ್ಬು ಒಡೆಯುವ ಸಂಭವವು ಸರಾಸರಿಯಲ್ಲಿ ವರ್ಷಕ್ಕೆ ನೂರಕ್ಕೆ ಒಂದರ ಆಸುಪಾಸು. ಗಾತ್ರ, ಸ್ಥಳಗಳಿಗನುಸಾರವಾಗಿ ಇದು ಬಹಳ ವ್ಯತ್ಯಾಸವಾಗುವುದು. ಆದರೆ ದೊಡ್ಡ ಗಡ್ಡೆಯನ್ನು ತೆಗೆದೊಡನೆ ಕಪಾಲದೊಳಗಿನ ಒತ್ತಡವು ಇಳಿಯುವುದರಿಂದ, ಅದುವರೆಗೆ ಹೊರಗಿನ ಒತ್ತಡವೇ ಆಸರೆಯಾಗಿದ್ದ ಉಬ್ಬಿನ ತೆಳುಗೋಡೆಯು ಬಿರಿಯಬಹುದೆಂಬ ಭಯವುಂಟು. ಎರಡೂ ಒಂದೇ ಕಿಂಡಿಯಿಂದ ಕೈಗೆ ನಿಲುಕುವಂತಿದ್ದರೆ ಒಂದೇ ಸಲ ಮುಗಿಸುವರು. ಇಲ್ಲವಾದರೆ, ಗೂಲ್ಯೆಲ್ಮಿ ಎಂಬ ಇಟಲಿಯವರು ೧೯೯೦ರ ಸುಮಾರಿನಲ್ಲಿ ಬಳಕೆಗೆ ತಂದ ಕ್ರಮದಂತೆ ತೊಡೆಯ ಧಮನಿಯ ಮೂಲಕ ಸಣ್ಣ ನಳಿಗೆಯನ್ನು ಹಾಯಿಸಿ, ಪ್ಲಾಟಿನಮ್ಮಿನ ನವುರಾದ ಸುರುಳಿಗಳಿಂದ ಉಬ್ಬನ್ನು ತುಂಬಿ, ಆಮೇಲೆ ಗಡ್ಡೆಗೆ ತೊಡಗುವರು. ಕೆಲವು ವೇಳೆ ಉಬ್ಬಿನ ಬಳಿ ಜಾಲರಿಯ ನಳಿಕೆಯನ್ನೂ ಇರಿಸಬೇಕಾಗುವುದು. ಆಗ ನೆತ್ತರು ಹೆಪ್ಪುಗಟ್ಟದಂತೆ ತಿಂಗಳುಗಟ್ಟಲೆ ಔಷಧವನ್ನು ಕೊಡಬೇಕು. ಅದನ್ನು ಸೇವಿಸುತ್ತಿರುವವನ ತಲೆಯನ್ನು ತೆರೆಯುವುದು ನೆತ್ತರಿನ ಭಯದಿಂದ ಸಾಧ್ಯವಾಗದು. ಒಂದರ ಚಿಕಿತ್ಸೆಯು ಇನ್ನೊಂದರ ಚಿಕಿತ್ಸೆಯನ್ನು ತಡೆಯುವುದೆಂಬುದೇ ಈ ಯುಗ್ಮದ ಕಠಿನತೆ.

ಈ ಎಲ್ಲ ವಿವರಗಳನ್ನು ವೈದ್ಯನು ರೋಗಿಯ ಮನೆಯವರಿಗೆ ತಿಳಿಸಿ ಒಪ್ಪಿಗೆಯನ್ನು ಪಡೆಯಬೇಕಾದುದು ಕನ್ನಡದಲ್ಲಿ, ಇಲ್ಲವೆ ತುಳು ಕೊಂಕಣಿ ಬ್ಯಾರಿಗಳಲ್ಲಿ. ಇಲ್ಲಿ ಮಾತಿನ ದಾರಿದ್ರ್ಯವಿಲ್ಲ, ಆದರೆ ಮಾತಿನ ಗೊಂದಲವುಂಟು. ತಲೆಯಲ್ಲಿ ಗಂಟು ಎಂದರೆ ಎರಡೂ ಆಗಬಹುದು. ಎರಡು ಗಂಟುಗಳೆಂದು ಕೇಳಿದವನು ಒಂದೇ ಜಾತಿಯ ಎರಡೆಂದು ಗ್ರಹಿಸಿ, ಒಂದನ್ನು ತೆಗೆದಾಗ ಇನ್ನೊಂದನ್ನೇಕೆ ಬಿಟ್ಟರೆಂದು ಕೇಳುವುದು ಸಹಜವೇ. ಅರ್ಬುದವೆಂಬ ಶಬ್ದವು ಈಗ ಕ್ಯಾನ್ಸರಿಗೆ ರೂಢವಾಗಿರುವುದರಿಂದ ನಿರಪಾಯದ ಗಡ್ಡೆಗೆ ಅದನ್ನು ಬಳಸಿದರೆ ಇಲ್ಲದ ಭಯ. ಏಡಿಗಂತಿಯಿಂದ ಬಿಡಿಸಿಕೊಂಡ ಗಂತಿಯೂ ಅದೇ ಭಯದ ನೆರಳನ್ನು ಹೊತ್ತಿದೆ. ಹಾಗೆ ನೋಡಿದರೆ ಬೆಳೆಯುವ ವಸ್ತುವಿಗೆ, ಸುವರ್ಣಗಡ್ಡೆಯಂತೆ ಮರೆಯಲ್ಲಿ ಮೆಲ್ಲನೆ ದಪ್ಪವಾಗುವುದಕ್ಕೆ, ಗಡ್ಡೆಯೆಂಬ ಮಾತು ಸಹಜವಾಗಿಯೇ ಒಪ್ಪುವುದು. ನಾಳದ ಗೋಡೆಯು ಹೊರಚಾಚಿದುದಕ್ಕೆ ಉಬ್ಬು ಎಂಬುದೇ ತಕ್ಕುದು. ಮೇಲೆ ಹೇಳಿದ ಗ್ರೀಕ್ ಶಬ್ದದ ಅರ್ಥಕ್ಕೂ ಅದು ಸಮನಾಗಿದೆ. ಕೋಶಕಾರರೂ ವೈದ್ಯರೂ ಇವೆರಡನ್ನು ಬೇರೆಬೇರೆಯಾಗಿ ನಿಲ್ಲಿಸಿ, ಗಂಟು ಎಂಬುದನ್ನು ಇವುಗಳಲ್ಲಿ ಯಾವುದಕ್ಕೂ ಬಳಸದಿರುವುದು ಯುಕ್ತ. ಎರಡು ಮಾತುಗಳೂ ೧೮೯೪ರ ಮಂಗಳೂರಿನ ಕೋಶದಲ್ಲಿ ಬೇರೆಬೇರೆ ಪುಟಗಳಲ್ಲಿಯೇ ಇವೆ.